ಲಯ: ಎರಡು ಪೆಟ್ಟುಗಳ ನಡುವಿನ ಜಾಗ

ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮಕ್ಕಳಿಗೆ ಹೇಳುವ ಮಾತೊಂದಿದೆ: "ಶ್ರುತಿ ಚೆನ್ನಾಗಿತ್ತು, ತಾಳವೂ ತಪ್ಪಲಿಲ್ಲ, ಆದರೆ ಲಯ ನಿಲ್ಲಲಿಲ್ಲ." ಮನೆಯಲ್ಲಿ ಕೂತು ನೋಡುವವರಿಗೆ ಇದು ಒಗಟು. ತಾಳ ತಪ್ಪದೆ ಲಯ ತಪ್ಪುವುದು ಹೇಗೆ? ಎರಡೂ ಒಂದೇ ಅಲ್ಲವೇ? ಮಗುವನ್ನು ಸಂಗೀತದ ತರಗತಿಗೆ ಸೇರಿಸಿದ ತಂದೆತಾಯಿಗಳಿಗೂ ಇದೇ ಗೊಂದಲ. ಕಾಲ, ನಡೆ, ಗತಿ, ಜಾತಿ ಎಂದು ಇನ್ನಷ್ಟು ಪದಗಳು ಬಂದು ಸೇರುತ್ತವೆ. ವಿಷಯ ಅಷ್ಟು ಕಷ್ಟದ್ದಲ್ಲ. ಒಂದೊಂದು ಪದಕ್ಕೂ ಒಂದೊಂದು ಕೆಲಸವಿದೆ. ಅದನ್ನು ಬಿಡಿಸಿಟ್ಟರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಒಂದು ಒರಳು, ಎರಡು ಒನಕೆ

ಭತ್ತ ಕುಟ್ಟುವ ಒರಳನ್ನು ನೆನಪಿಸಿಕೊಳ್ಳಿ. ಎದುರುಬದುರು ಇಬ್ಬರು ನಿಂತಿದ್ದಾರೆ, ಒರಳು ಒಂದೇ. ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಕೆಳಗೆ ಬೀಳಬೇಕು. ಅವಳು ಎತ್ತಿ ಮುಗಿಸುವುದರೊಳಗೆ ಇವಳು ಇಳಿಸಿದರೆ ಒನಕೆಗೆ ಒನಕೆ ತಾಗುತ್ತದೆ. ತಡ ಮಾಡಿದರೆ ಅವಳ ಒನಕೆ ಗಾಳಿಯಲ್ಲೇ ಕಾಯಬೇಕು, ತೋಳು ಸೋಲುತ್ತದೆ. ಇಬ್ಬರೂ ಕಣ್ಣಿಟ್ಟು ನೋಡುವುದು ಒನಕೆಯನ್ನಲ್ಲ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಇರುವ ಬಿಡುವು ಅವರ ಮೈಗೆ ಗೊತ್ತಿರುತ್ತದೆ. "ಸುವ್ವಿ" ಎಂದು ಹಾಡಿಕೊಳ್ಳುವುದು ಆ ಬಿಡುವನ್ನು ಸಮವಾಗಿ ಹಿಡಿದಿಡುವುದಕ್ಕೆ.

ಆ ಬಿಡುವೇ ಲಯ. ಪೆಟ್ಟು ಲಯವಲ್ಲ, ಪೆಟ್ಟು ಲಯದ ಗುರುತು.

13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಹೇಳಿರುವುದೂ ಇದನ್ನೇ: "ಕ್ರಿಯಾನಂತರ ವಿಶ್ರಾಂತಿರ್ಲಯಃ". ಕ್ರಿಯೆ ಎಂದರೆ ಕೈಯ ಪೆಟ್ಟು, ಅದಾದ ಮೇಲಿನ ವಿಶ್ರಾಂತಿಯೇ ಲಯ. ಬಿಡುವು ಚಿಕ್ಕದಾದರೆ ದ್ರುತ, ಅದರ ಎರಡರಷ್ಟಾದರೆ ಮಧ್ಯ, ಅದರ ಎರಡರಷ್ಟಾದರೆ ವಿಲಂಬಿತ. ಅದಕ್ಕೂ ಹಿಂದಿನ ಅಮರಕೋಶ ಇನ್ನೊಂದು ಕಡೆಯಿಂದ ನೋಡಿ "ಲಯಃ ಸಾಮ್ಯಮ್" ಎನ್ನುತ್ತದೆ: ಲಯವೆಂದರೆ ಸಮನಾಗಿರುವುದು.

ಈ ಎರಡು ಮಾತುಗಳನ್ನು ಜೊತೆಗಿಟ್ಟುಕೊಂಡರೆ ಪದ ಕೈವಶವಾಗುತ್ತದೆ. ಲಯದ ಬಗ್ಗೆ ಕೇಳಬಹುದಾದ ಪ್ರಶ್ನೆಗಳು ಎರಡು. ಬಿಡುವು ಎಷ್ಟು ಉದ್ದ? ಮತ್ತು ಆ ಉದ್ದ ಕೊನೆಯವರೆಗೂ ಅಷ್ಟೇ ಉಳಿಯಿತೇ? ಮೊದಲನೆಯದಕ್ಕೆ ಉತ್ತರ ವಿಲಂಬ, ಮಧ್ಯಮ, ದ್ರುತ. ಎರಡನೆಯದಕ್ಕೆ ಉತ್ತರ ನಿಂತಿತು ಅಥವಾ ನಿಲ್ಲಲಿಲ್ಲ.

ವೈದ್ಯರು ನಾಡಿ ಹಿಡಿದಾಗಲೂ ಇವೇ ಎರಡು ಪ್ರಶ್ನೆಗಳು. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಅದು ವೇಗ. ನಿಮಿಷಕ್ಕೆ 72 ಬಂದರೂ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಅಡ್ಡಾದಿಡ್ಡಿಯಾಗಿದ್ದರೆ "ಹೃದಯದ ಲಯ ಏರುಪೇರಾಗಿದೆ" ಎನ್ನುತ್ತಾರೆ. ಲೆಕ್ಕ ಸರಿಯಿದೆ, ಲಯ ಸರಿಯಿಲ್ಲ. ತೀರ್ಪುಗಾರರ ಒಗಟಿಗೆ ಉತ್ತರ ಇಲ್ಲಿಯೇ ಇದೆ.

ಕರಗುವುದು ಎಂಬ ಅರ್ಥ ಎಲ್ಲಿಂದ ಬಂತು

ಸಂಸ್ಕೃತದ "ಲೀ" ಧಾತುವಿಗೆ ಅಂಟಿಕೊಳ್ಳು, ಕರಗಿ ಒಂದಾಗು ಎಂಬ ಅರ್ಥ. ಲೀನ, ವಿಲೀನ, ಪ್ರಳಯ, ವಿಲಯ ಎಲ್ಲ ಅದೇ ಬೇರಿನ ಕೊಂಬೆಗಳು. ಸೃಷ್ಟಿ, ಸ್ಥಿತಿ, ಲಯ ಎಂದಾಗ ಲಯ ಎಂದರೆ ನಾಶ. ಯೋಗದವರು ಮನೋಲಯ ಎಂದಾಗ ಮನಸ್ಸು ಕರಗಿ ನಿಲ್ಲುವ ಸ್ಥಿತಿ. ಸಂಗೀತದ ಲಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಹಾಡು, ವಾದ್ಯ, ಹೆಜ್ಜೆ ಈ ಮೂರೂ ಒಂದೇ ಕಾಲಮಾನದಲ್ಲಿ ಕೂಡಿ ಬೇರೆ ಬೇರೆಯಾಗಿ ಕೇಳಿಸದಷ್ಟು ಒಂದಾಗುವುದು ಲಯ ಎಂದು ನೋಡಿದರೆ ನಂಟು ಕಾಣುತ್ತದೆ. ಹಾಗಾಗಿ "ಲಯವಾಯಿತು" ಎಂದರೆ ಅಳಿಯಿತು, "ಲಯ ಕೂಡಿತು" ಎಂದರೆ ಹೊಂದಿತು. ಕ್ರಿಯಾಪದ ನೋಡಿ ಅರ್ಥ ಮಾಡಿಕೊಳ್ಳಬೇಕು.

ತಾಳ, ಕಾಲ, ನಡೆ: ಗೊಂದಲದ ಗಂಟು

ಲಯ ಬಟ್ಟೆಯಾದರೆ ತಾಳ ಅದನ್ನು ಅಳೆಯುವ ಗಜಕಡ್ಡಿ. ಸಮವಾದ ಬಿಡುವುಗಳು ಸುಮ್ಮನೆ ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ. ಅವನ್ನು ಇಷ್ಟಿಷ್ಟಕ್ಕೆ ಕಟ್ಟು ಕಟ್ಟಿ, ಕಟ್ಟಿನ ಆರಂಭ ಎಲ್ಲಿ ಎಂದು ಕೈಯಲ್ಲಿ ತೋರಿಸುವುದು ತಾಳ. ಆದಿತಾಳದ ಒಂದು ಆವರ್ತದಲ್ಲಿ, ಅಂದರೆ ಒಂದು ಪೂರ್ತಿ ಸುತ್ತಿನಲ್ಲಿ, 8 ಎಣಿಕೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು: ಇದು 4 ಎಣಿಕೆಯ ಲಘು. ಆಮೇಲೆ ಒಂದು ಪೆಟ್ಟು, ಒಂದು ಅಂಗೈ ತಿರುವು: 2 ಎಣಿಕೆಯ ದ್ರುತ. ಇನ್ನೊಮ್ಮೆ ಪೆಟ್ಟು, ತಿರುವು. ಮಗು ಈ ಎಂಟನ್ನೂ ಬೆರಳು ಬಿಡದೆ ಎಣಿಸಿದರೆ ತಾಳ ಸರಿ. ಆದರೆ ಪಲ್ಲವಿಯಲ್ಲಿ ಎಂಟು ಎಣಿಕೆಗೆ 8 ಸೆಕೆಂಡು ಹಿಡಿದದ್ದು ಚರಣಕ್ಕೆ ಬರುವಾಗ ಆರೂವರೆ ಸೆಕೆಂಡಿಗೆ ಇಳಿದಿದ್ದರೆ ಲಯ ಓಡಿದೆ. "ತಾಳ ತಪ್ಪಲಿಲ್ಲ, ಲಯ ನಿಲ್ಲಲಿಲ್ಲ" ಎಂದರೆ ಇಷ್ಟೇ.

ಈ ದ್ರುತ ಎಂಬ ಪದದಲ್ಲಿ ಒಂದು ತೊಡಕಿದೆ. ತಾಳದ ಅಂಗವಾಗಿ ದ್ರುತ ಎಂದರೆ ಎರಡು ಎಣಿಕೆ, ಲಯದ ಹೆಸರಾಗಿ ದ್ರುತ ಎಂದರೆ ವೇಗ. ಪರೀಕ್ಷೆಗೆ ಓದುವ ಮಕ್ಕಳು ಎಡವುವ ಕಲ್ಲು ಇದು.

ಕಾಲ ಎಂಬುದು ಇನ್ನೊಂದು. ಸರಳೆವರಸೆ ಎಂಬ ಸ್ವರಾಭ್ಯಾಸವನ್ನು ಮೂರು ಕಾಲದಲ್ಲಿ ಹಾಡಿಸುವುದು ಕರ್ನಾಟಕ ಸಂಗೀತದ ಮೊದಲ ಪಾಠಗಳಲ್ಲೇ ಬರುತ್ತದೆ. ಒಂದನೇ ಕಾಲದಲ್ಲಿ ಒಂದು ಎಣಿಕೆಗೆ 1 ಸ್ವರ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4. ಅಂದರೆ ಆದಿತಾಳದ ಒಂದು ಆವರ್ತದಲ್ಲಿ ಕ್ರಮವಾಗಿ 8, 16, 32 ಸ್ವರಗಳು. ಗಮನಿಸಬೇಕಾದ್ದು ಒಂದೇ: ಕೈ ಬದಲಾಗಕೂಡದು. ಒಂದನೇ ಕಾಲದಲ್ಲಿ ಆವರ್ತಕ್ಕೆ 8 ಸೆಕೆಂಡು ಬೇಕಾಗಿದ್ದರೆ ಮೂರನೇ ಕಾಲದಲ್ಲೂ 8 ಸೆಕೆಂಡೇ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು, ಎರಡನೇ ಕಾಲ ಎಂದ ಕೂಡಲೇ ಕೈಯನ್ನೂ ಬೇಗ ಬೀಸುವುದು. ಆಗ ಎರಡನೇ ಕಾಲ ಹಾಡಿದಂತಾಗುವುದಿಲ್ಲ, ಒಂದನೇ ಕಾಲವನ್ನೇ ಅವಸರದಲ್ಲಿ ಹಾಡಿದಂತಾಗುತ್ತದೆ. ಮನೆಯಲ್ಲಿ ಸಂಗೀತ ಬಾರದ ತಂದೆತಾಯಿಯೂ ಇದನ್ನು ಪರೀಕ್ಷಿಸಬಹುದು. ಫೋನಿನ ಸ್ಟಾಪ್‌ವಾಚ್ ಹಿಡಿದು ಮೂರು ಕಾಲಗಳಲ್ಲೂ ಒಂದು ಆವರ್ತಕ್ಕೆ ಎಷ್ಟು ಸಮಯವಾಯಿತು ನೋಡಿದರೆ ಸಾಕು.

ನಡೆ ಅಚ್ಚ ಕನ್ನಡದ ಪದ, ಸಂಸ್ಕೃತದಲ್ಲಿ ಇದಕ್ಕೆ ಗತಿ. ಒಂದು ಎಣಿಕೆಯೊಳಗಿನ ಜಾಗವನ್ನು ಎಷ್ಟು ಸಮಪಾಲು ಮಾಡುತ್ತೀರಿ ಎಂಬುದೇ ನಡೆ. ಮೂರು ಪಾಲಾದರೆ ತಿಶ್ರ, ಬಾಯಲ್ಲಿ "ತಕಿಟ". ನಾಲ್ಕಾದರೆ ಚತುರಶ್ರ, "ತಕದಿಮಿ". ಐದಾದರೆ ಖಂಡ, "ತಕತಕಿಟ". ಏಳಾದರೆ ಮಿಶ್ರ, "ತಕಿಟತಕದಿಮಿ". ಒಂಬತ್ತಾದರೆ ಸಂಕೀರ್ಣ, "ತಕದಿಮಿತಕತಕಿಟ". ಒಂದು ರೊಟ್ಟಿಯನ್ನು ಮೂರು ಚೂರು ಮಾಡಿದರೂ ಏಳು ಚೂರು ಮಾಡಿದರೂ ರೊಟ್ಟಿಯ ಗಾತ್ರ ಅಷ್ಟೇ ಇರುತ್ತದೆ. ಎಣಿಕೆ ಒಂದು ಸೆಕೆಂಡಿನದ್ದಾದರೆ ಚತುರಶ್ರದಲ್ಲಿ ಒಂದು ಪಾಲಿಗೆ 0.25 ಸೆಕೆಂಡು, ಖಂಡದಲ್ಲಿ 0.20, ಮಿಶ್ರದಲ್ಲಿ ಸುಮಾರು 0.14.

ಇದೇ ಐದು ಹೆಸರುಗಳು ಜಾತಿಗೂ ಇವೆ. ಜಾತಿ ಹೇಳುವುದು ಲಘುವಿನಲ್ಲಿ ಎಷ್ಟು ಎಣಿಕೆ ಎಂದು, ನಡೆ ಹೇಳುವುದು ಒಂದು ಎಣಿಕೆಯಲ್ಲಿ ಎಷ್ಟು ಪಾಲು ಎಂದು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ಸೂಳಾದಿ ತಾಳಗಳಿಗೆ ಐದು ಜಾತಿ ಸೇರಿ 35, ಅವಕ್ಕೆ ಐದು ನಡೆ ಸೇರಿ 175 ತಾಳಗಳ ಲೆಕ್ಕ ಬರುವುದು ಹೀಗೆ. ಸೂಳಾದಿ ಎಂಬ ಹೆಸರು ನಮ್ಮ ಹರಿದಾಸರ ಸೂಳಾದಿ ಎಂಬ ರಚನೆಗಳೊಂದಿಗೆ ಹೆಣೆದುಕೊಂಡಿದೆ. ಇವತ್ತಿಗೂ ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಅಭ್ಯಾಸ ಮಾಡುವ ಸರಳೆ, ಅಲಂಕಾರಗಳ ಕ್ರಮವನ್ನು ಪುರಂದರದಾಸರದ್ದೆಂದು ಪರಂಪರೆ ನೆನೆಯುತ್ತದೆ.

ಧಾರವಾಡದಲ್ಲಿ ಒಂದು ಲಯ, ಮೈಸೂರಿನಲ್ಲಿ ಒಂದು ಲಯ

ಹಿಂದುಸ್ತಾನಿ, ಕರ್ನಾಟಕ ಎರಡೂ ಸಂಗೀತ ಪದ್ಧತಿಗಳಿಗೆ ನಮ್ಮ ರಾಜ್ಯ ತವರು. ಪದ ಒಂದೇ, ಬಳಕೆಯಲ್ಲಿ ವ್ಯತ್ಯಾಸವಿದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಹಿಂದುಸ್ತಾನಿ ಗಾಯಕರು ತಬಲಾದವರಿಗೆ "ಲಯ ಸ್ವಲ್ಪ ಏರಿಸ್ರಿ" ಎಂದರೆ ವೇಗ ಹೆಚ್ಚಿಸಿ ಎಂದರ್ಥ. ಖಯಾಲ್ ಎಂಬ ಗಾಯನ ಪ್ರಕಾರ ಅತಿ ನಿಧಾನವಾಗಿ ಆರಂಭವಾಗಿ ಹಂತ ಹಂತವಾಗಿ ಏರಿ ದ್ರುತಕ್ಕೆ ಬರಬೇಕು, ಆ ಏರಿಕೆಯೇ ಅದರ ಕಟ್ಟಡ. 12 ಮಾತ್ರೆಗಳ (ಅಲ್ಲಿ ಎಣಿಕೆಗೆ ಮಾತ್ರೆ ಎನ್ನುತ್ತಾರೆ) ಏಕತಾಲದಲ್ಲಿ ಒಂದು ಮಾತ್ರೆಗೆ 4 ಸೆಕೆಂಡು ಕೊಟ್ಟರೆ ಸಮ್, ಅಂದರೆ ಆವರ್ತದ ಮೊದಲ ಎಣಿಕೆ, ಮತ್ತೆ ಬರಲು 48 ಸೆಕೆಂಡು ಬೇಕು. ಅಷ್ಟು ದೊಡ್ಡ ಬಿಡುವನ್ನು ಯಾರೂ ಬರಿದಾಗಿ ಹಿಡಿಯಲಾರರು, ಒಳಗೇ ಒಂದೊಂದು ಮಾತ್ರೆಯನ್ನು ನಾಲ್ಕಾಗಿ ಎಣಿಸಿಕೊಂಡೇ ಹಾಡುತ್ತಾರೆ.

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಇದಕ್ಕೆ ವಿರುದ್ಧವಾದ ಶಿಸ್ತು. ಒಂದು ಕೃತಿಯನ್ನು ಯಾವ ಕಾಲಪ್ರಮಾಣದಲ್ಲಿ ಎತ್ತಿಕೊಂಡರೋ ಅದರಲ್ಲೇ ಮುಗಿಸಬೇಕು. ನಡುವೆ ಸ್ವರಗಳನ್ನು ಹೊಸದಾಗಿ ಹೆಣೆಯುವ ಸ್ವರಕಲ್ಪನೆ ಬರಲಿ, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಬರಲಿ, ಕೈ ಕದಲಬಾರದು. ಆದ್ದರಿಂದ ಅಲ್ಲಿ ಏರಿದರೆ ಸೊಗಸು, ಇಲ್ಲಿ ಏರಿದರೆ ದೋಷ. ಒಂದರ ಕಿವಿಯಿಂದ ಇನ್ನೊಂದನ್ನು ಅಳೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳನ್ನು ಲಯವಾದ್ಯ ಎನ್ನುವುದು ವಾಡಿಕೆ, ಆದರೆ ಲಯದ ಜವಾಬ್ದಾರಿ ಅವುಗಳ ಮೇಲಷ್ಟೇ ಇಲ್ಲ. "ಶ್ರುತಿರ್ಮಾತಾ ಲಯಃ ಪಿತಾ" ಎಂಬ ಗಾದೆಯನ್ನು ಹಾಡುವವರಿಗೂ ಹೇಳಿದ್ದು.

ಸುಗಮಸಂಗೀತ, ಸಿನಿಮಾ ವಲಯದಲ್ಲಿ "ರಿದಮ್" ಎಂದರೆ ಬಹುತೇಕ ತಾಳವಾದ್ಯಗಳ ಭಾಗ. "ರಿದಮ್ ಹಾಕಿ" ಎಂದರೆ ತಬಲಾ, ಢೋಲಕ್, ಪ್ಯಾಡ್ ಸೇರಿಸಿ ಎಂದು. ಅದನ್ನು ಲಯ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ.

ಕನ್ನಡ ಪದ್ಯದೊಳಗಿನ ನಡೆ

ಸಂಗೀತ ಕಲಿಯದವರಿಗೂ ಲಯ ಗೊತ್ತಿದೆ, ಕನ್ನಡ ಪದ್ಯ ಓದಿದ್ದರೆ. ನಮ್ಮ ಛಂದಸ್ಸು ಮಾತ್ರೆಗಳ ಮೇಲೆ ನಿಂತಿದೆ. ಒಂದು ಹ್ರಸ್ವಾಕ್ಷರ ಉಚ್ಚರಿಸುವ ಹೊತ್ತು 1 ಮಾತ್ರೆ. ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವಕ್ಕೆ 2 ಮಾತ್ರೆ. ಒಂದೇ ಮಳೆಹನಿಯನ್ನು ನಾಲ್ಕು ನಡೆಗಳಲ್ಲಿ ಹೇಳಿ ನೋಡೋಣ. ಗಟ್ಟಿಯಾಗಿ, ತೊಡೆಗೆ ತಟ್ಟಿಕೊಂಡು ಓದಿ.

ಮೂರು ಮಾತ್ರೆ: ಹನಿಯು | ಎಲೆಯ | ತುದಿಗೆ | ಬಂತು

ನಾಲ್ಕು: ಹನಿಗಳು | ಎಲೆಯಲಿ | ಕುಣಿದವು | ಸರಸರ

ಐದು: ಮಳೆಯ ಹನಿ | ಎಲೆಯ ತುದಿ | ತೂಗುತಿದೆ | ಮೆಲ್ಲನೆಯೆ

ಮೂರು ನಾಲ್ಕು: ಮಳೆಯ | ಹನಿಗಳು | ಎಲೆಯ | ಮೇಲಕೆ

ಮೊದಲನೆಯದು ಕುಪ್ಪಳಿಸುತ್ತದೆ, ಎರಡನೆಯದು ಸಾಲಾಗಿ ನಡೆಯುತ್ತದೆ, ಮೂರನೆಯದು ತೂಗುತ್ತದೆ. ನಾಲ್ಕನೆಯದು ಭಾಮಿನಿ ಷಟ್ಪದಿಯ ನಡೆ. ಕುಮಾರವ್ಯಾಸ ಭಾರತ ಪೂರ್ತಿ ಸಾಗಿರುವುದು ಇದರಲ್ಲೇ. ಭಾಮಿನಿಯ 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3+4 ಮೂರು ಬಾರಿ ಬಂದು ಕೊನೆಗೆ ಒಂದು ಗುರು (2 ಮಾತ್ರೆಯ ಅಕ್ಷರ), ಒಟ್ಟು 23. ಪದ್ಯಕ್ಕೆ 102 ಮಾತ್ರೆ. ಐದರ ನಡೆಯನ್ನೇ ಹಿಡಿದು 20 ಮಾತ್ರೆಗಳ ಸಾಲು, ಕೊನೆಗೊಂದು ಗುರು ಸೇರಿಸಿ 32 ಮಾತ್ರೆಗಳ ಸಾಲು ಕಟ್ಟಿದರೆ ವಾರ್ಧಕ ಷಟ್ಪದಿ, ಲಕ್ಷ್ಮೀಶನ ಜೈಮಿನಿ ಭಾರತದ ನಡೆ. ಮೃದಂಗದವರು "ತಕಿಟತಕದಿಮಿ" ಎಂದದ್ದನ್ನು ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಭಾಮಿನಿ ಎನ್ನುತ್ತಾರೆ. ಏಳರ ಹಂಚಿಕೆ ಎರಡರಲ್ಲೂ ಒಂದೇ, ಮೂರು ಮತ್ತು ನಾಲ್ಕು.

ಇನ್ನು ಕೆಡಿಸಿ ನೋಡಿ. "ಮಳೆಯ ಹನಿಗಳು ಎಲೆಗಳ ಮೇಲಕೆ" ಎನ್ನಿ. ಅರ್ಥಕ್ಕೆ ಏನೂ ಆಗಲಿಲ್ಲ, "ಎಲೆಯ" ಹೋಗಿ "ಎಲೆಗಳ" ಬಂತು, ಒಂದೇ ಒಂದು ಮಾತ್ರೆ ಹೆಚ್ಚಾಯಿತು. ಆದರೆ ನಾಲಿಗೆ ಅಲ್ಲೇ ಎಡವುತ್ತದೆ. ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಉಳಿದ ಮೆಟ್ಟಿಲುಗಳಿಗಿಂತ ಎರಡು ಬೆರಳು ಎತ್ತರವಿದ್ದರೆ ಕಾಲಿಗೆ ಆಗುವಂಥ ಅನುಭವ. ಕಾಲು ಕಣ್ಣಿನ ಮೇಲೆ ನಂಬಿಕೆಯಿಟ್ಟು ಇಳಿಯುತ್ತಿರುವುದಿಲ್ಲ, ಹಿಂದಿನ ಮೆಟ್ಟಿಲುಗಳ ಅಂತರವನ್ನು ನಂಬಿ ಇಳಿಯುತ್ತಿರುತ್ತದೆ. ಕಿವಿಯೂ ಹಾಗೆಯೇ ಮುಂದಿನ ಗಣವನ್ನು, ಅಂದರೆ ಮಾತ್ರೆಗಳ ಗುಂಪನ್ನು, ಎದುರುನೋಡುತ್ತದೆ. ಆ ಎದುರುನೋಟವೇ ಲಯವನ್ನು ಕೇಳುಗರ ಒಳಗೆ ಹುಟ್ಟಿಸುವುದು.

ಪ್ರಾಸವಿದ್ದರೆ ಲಯವಿದೆ ಎಂದು ಭಾವಿಸಿ ಬರೆಯುವ ಹೊಸಬರು ಬಹಳ. ಪ್ರಾಸ ಅಕ್ಷರಗಳ ಹೊಂದಿಕೆ, ಲಯ ಕಾಲದ ಹೊಂದಿಕೆ. ಸಾಲಿನ ಕೊನೆಯಲ್ಲಿ "ಬಂತು, ನಿಂತು" ಎಂದು ಜೋಡಿಸಿದರೂ ಒಳಗಿನ ಗಣಗಳು ಒಂದೊಂದು ಅಳತೆಯಲ್ಲಿದ್ದರೆ ಪದ್ಯ ಕುಂಟುತ್ತದೆ. ಪ್ರಾಸವೇ ಇಲ್ಲದ ಸರಳರಗಳೆ ಚೆನ್ನಾಗಿಯೇ ನಡೆಯುತ್ತದೆ.

ಜನಪದ ತ್ರಿಪದಿಯ ವಿಷಯ ಬೇರೆ. ಅದನ್ನು ಪುಸ್ತಕದಲ್ಲಿ ಓದಿ ಮಾತ್ರೆ ಎಣಿಸಿದರೆ ಲೆಕ್ಕ ಕೂಡುವುದಿಲ್ಲ. ಅದು ಅಂಶಗಣದ ಪದ್ಯ, ಅಕ್ಷರಗಳು ಹಾಡಿನಲ್ಲಿ ಹಿಗ್ಗುತ್ತವೆ, ಕುಗ್ಗುತ್ತವೆ. ಬೀಸುವ ಕಲ್ಲು ಒಂದು ಸುತ್ತು ಬರುವ ಹೊತ್ತೇ ಅಲ್ಲಿ ಅಳತೆ. ಸುತ್ತು ಮುಗಿಯುವವರೆಗೆ ಕೊನೆಯ ಅಕ್ಷರವನ್ನು ಎಳೆದು ತುಂಬುತ್ತಾರೆ. ಹಾಳೆಯ ಮೇಲೆ ತಪ್ಪಾಗಿ ಕಂಡದ್ದು ಕಲ್ಲಿನ ಮುಂದೆ ಕೂತರೆ ಸರಿಯಾಗಿರುತ್ತದೆ.

ಲಯ ಎಲ್ಲಿ ಕೈಬಿಡುತ್ತದೆ

ಬಹಳಷ್ಟು ಸಲ ಮೌನದಲ್ಲಿ. ಹಾಡುವಾಗ ಬಾಯಿಗೆ ಕೆಲಸವಿರುತ್ತದೆ, ಅಕ್ಷರಗಳೇ ಅಂತರವನ್ನು ತುಂಬಿ ಹಿಡಿದಿರುತ್ತವೆ. ಸಾಲು ಮುಗಿದು ಎರಡು ಎಣಿಕೆ ಬಿಡುವು ಅಥವಾ ಒಂದು ಸ್ವರದ ಮೇಲೆ ಉದ್ದ ಕಾರ್ವೆ ಬಂದಾಗ ಹಿಡಿಯಲು ಏನೂ ಇರುವುದಿಲ್ಲ. ಕಲಿಯುವವರು ಅಲ್ಲಿ ಕಾಯಲಾರದೆ ಮುಂದಿನ ಸಾಲಿಗೆ ಬೇಗ ಹಾರುತ್ತಾರೆ. ಹಾಡು ಸಮದ ಮೇಲೆ ಎತ್ತಿಕೊಳ್ಳದೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವಂಥದ್ದಾದರೆ ಈ ತಪ್ಪು ಇನ್ನೂ ಹೆಚ್ಚು.

ಇನ್ನೊಂದು ಜಾಗ, ಕಷ್ಟದ ಸಂಗತಿ. ಗಮಕ, ಅಂದರೆ ಸ್ವರದ ತೂಗಾಟ, ತೊಡಕಾದಲ್ಲಿ ಲಯ ಜಗ್ಗುತ್ತದೆ, ಅದು ದಾಟಿದ ಖುಷಿಯಲ್ಲಿ ಓಡುತ್ತದೆ. ಸರಾಸರಿ ಸರಿಯಾಗಿಯೇ ಬಂದುಬಿಡುವುದರಿಂದ ಹಾಡಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮೃದಂಗ ನುಡಿಸಿದವರಿಗೆ ಗೊತ್ತಾಗುತ್ತದೆ.

ಗುಂಪಿನಲ್ಲಿ ದೂರವೂ ಕಾರಣ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಉತ್ಸವದ ಭಜನೆಯ ಸಾಲಿನಲ್ಲಿ ಮುಂದಿನವರಿಗೂ ಹಿಂದಿನವರಿಗೂ 34 ಮೀಟರ್ ಅಂತರವಿದ್ದರೆ ಮುಂದಿನ ತಾಳದ ಸದ್ದು ಹಿಂದಕ್ಕೆ ಮುಟ್ಟುವಾಗ 0.1 ಸೆಕೆಂಡು ತಡ. ಹಿಂದಿನವರು ಕೇಳಿದ್ದನ್ನು ಅನುಸರಿಸಿದರೆ ಆ ತಡ ಇಮ್ಮಡಿಯಾಗಿ ಮುಂದಿನವರಿಗೆ ವಾಪಸು ಕೇಳಿಸುತ್ತದೆ, ಅವರು ನಿಧಾನಿಸುತ್ತಾರೆ. ತಾಳ ಹಿಡಿದವರು ಸಾಲಿನ ನಡುವೆ ಇದ್ದರೆ ಈ ಎಳೆತ ಕಡಿಮೆ.

ವಿದೇಶದಲ್ಲಿರುವ ಕನ್ನಡಿಗರ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳಿಂದ ವಿಡಿಯೊ ಕರೆಯಲ್ಲಿ ಕಲಿಯುವಾಗ ಇದೇ ತೊಂದರೆ ದೊಡ್ಡದಾಗುತ್ತದೆ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 0.2 ಸೆಕೆಂಡು ತಡವಾಗಿ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನ ಎಣಿಕೆಯಲ್ಲಿ ಚತುರಶ್ರದ ಒಂದು ಪಾಲೇ 0.25 ಸೆಕೆಂಡು. ಹೋಗಿ ಬರುವಷ್ಟರಲ್ಲಿ ಒಂದೂವರೆ ಪಾಲಿಗಿಂತ ಹೆಚ್ಚು ಕಳೆದಿರುತ್ತದೆ. ಹೀಗಾಗಿ ಕರೆಯಲ್ಲಿ ಗುರು-ಶಿಷ್ಯರು ಒಟ್ಟಿಗೆ ಹಾಡಲು ಹೋಗಬಾರದು. ಅದು ಮಗುವಿನ ತಪ್ಪಲ್ಲ. ಗುರು ಹಾಡಿ ನಿಲ್ಲಿಸಬೇಕು, ಮಗು ತನ್ನ ಕೋಣೆಯಲ್ಲಿರುವ ಮೆಟ್ರೊನೋಮ್ ಅಥವಾ ತಾಳದ ಆ್ಯಪ್‌ಗೆ ಹಾಡಬೇಕು, ಗುರು ತಾವು ತಾಳ ಹಾಕದೆ ಕೇಳಬೇಕು.

ಹತ್ತು ನಿಮಿಷದ ಅಭ್ಯಾಸ

ಮೆಟ್ರೊನೋಮನ್ನು 60ಕ್ಕೆ ಇಡಿ. ಅಂದರೆ ನಿಮಿಷಕ್ಕೆ 60 ಟಕ್, ನಡುವೆ ಒಂದು ಸೆಕೆಂಡು. ಮೊದಲ ಎರಡು ನಿಮಿಷ ಬಾಯಿ ಮುಚ್ಚಿ ಕೈಯಷ್ಟೇ ಹಾಕಿ. ಚಪ್ಪಾಳೆ ಟಕ್ ಅನ್ನು ಪೂರ್ತಿ ಮುಚ್ಚಿದರೆ, ಟಕ್ ಕೇಳಿಸದೇ ಹೋದರೆ, ಕೈ ಸರಿಯಿದೆ. ಮೊದಲು ಚಪ್ಪಾಳೆ ಆಮೇಲೆ ಟಕ್ ಕೇಳಿಸಿದರೆ ಓಡುತ್ತಿದ್ದೀರಿ.

ಮುಂದಿನ ಮೂರು ನಿಮಿಷ "ತಕದಿಮಿ" ಹೇಳಿ, ಟಕ್‌ಗೆ "ತ" ಬೀಳಲಿ. ನಾಲ್ಕೂ ಅಕ್ಷರ ಸಮಪಾಲಾಗಿರಲಿ. ಆರಂಭದಲ್ಲಿ ಅನೇಕರು "ತಕದಿಮಿ" ಎಂದು ಬೇಗ ಮುಗಿಸಿ ಮುಂದಿನ ಟಕ್‌ಗೆ ಕಾಯುತ್ತಾರೆ. ಆಮೇಲೆ ಕೈ ಬದಲಿಸದೆ "ತಕಿಟ"ಕ್ಕೆ ಬನ್ನಿ, ಮತ್ತೆ "ತಕದಿಮಿ"ಗೆ ಹೋಗಿ. ನಾಲ್ಕರಿಂದ ಮೂರಕ್ಕೆ ಬರುವಾಗ ಅಕ್ಷರಗಳು ಅಗಲವಾಗಬೇಕು. ಅಕ್ಷರದ ಅಗಲ ಹಾಗೆಯೇ ಇಟ್ಟು ಕೈ ಬೇಗ ಹಾಕಿದರೆ ನಡೆ ಬದಲಾಗಲಿಲ್ಲ, ಲಯ ಬದಲಾಯಿತು.

ಕೊನೆಯದು ಮೌನದ ಪರೀಕ್ಷೆ. ಟಕ್ ಅನ್ನು 30ಕ್ಕೆ ಇಳಿಸಿ, ಕೈ ಮೊದಲಿನಷ್ಟೇ ಹಾಕಿ. ಈಗ ಎರಡು ಪೆಟ್ಟಿಗೆ ಒಂದು ಟಕ್. ನಡುವಿನ ಪೆಟ್ಟು ನಿಮ್ಮದೇ. ಅದು ಹೊಂದಿದರೆ 15ಕ್ಕೆ ಇಳಿಸಿ, ನಾಲ್ಕಕ್ಕೊಂದು ಟಕ್. ಆ್ಯಪ್ ಅಷ್ಟು ಕೆಳಗೆ ಇಳಿಯದಿದ್ದರೆ ಎಂಟು ಎಣಿಕೆ ಧ್ವನಿ ಕೇಳಿ, ಎಂಟು ಎಣಿಕೆ ಧ್ವನಿ ಅಡಗಿಸಿ, ಮತ್ತೆ ತೆರೆಯಿರಿ. ತೆರೆದಾಗ ಟಕ್ ನಿಮ್ಮ ಅಂಗೈಯೊಳಗೇ ಬಿದ್ದರೆ ಸರಿ. ದಿನವೂ ಫೋನಿನಲ್ಲಿ ಧ್ವನಿಮುದ್ರಿಸಿ ಮಾರನೆಯ ದಿನ ಕೇಳಿ, ಅದೇ ದಿನ ಕೇಳಿದರೆ ಹಾಡಿದ ನೆನಪು ಕಿವಿಯನ್ನು ಮುಚ್ಚಿರುತ್ತದೆ.

ದಿನಬಳಕೆಯಲ್ಲಿ ಪದ ಎಲ್ಲಿ ಹೊಂದುತ್ತದೆ

ಕ್ರೀಡಾಪುಟಗಳಲ್ಲಿ "ಲಯಕ್ಕೆ ಮರಳಿದ ಬ್ಯಾಟರ್", "ಲಯ ಕಂಡುಕೊಳ್ಳದ ಬೌಲರ್" ಎಂದು ಓದುತ್ತೇವೆ. ಬೌಲರ್‌ಗೆ ಇದು ಅಕ್ಷರಶಃ ಹೊಂದುತ್ತದೆ. ಓಟದ ಹೆಜ್ಜೆಗಳ ಅಂತರ ಸಮನಾಗಿಲ್ಲದಿದ್ದರೆ ಕೊನೆಯ ಹೆಜ್ಜೆ ಗೆರೆ ದಾಟಿ ನೋಬಾಲ್ ಆಗಬಹುದು. ಬ್ಯಾಟರ್ ವಿಷಯದಲ್ಲಿ ಅದು ಫಾರ್ಮ್ ಎಂಬುದಕ್ಕೆ ಬಂದ ಹೆಸರು, ರೂಢಿಯಾಗಿದೆ, ಅರ್ಥವೂ ಆಗುತ್ತದೆ. "ಲಯಬದ್ಧ" ಎಂದು ಬರೆಯುವಾಗ ಮಾತ್ರ ಎಚ್ಚರ ಬೇಕು. ಏನೋ ಒಂದು ಸಮ ಅಂತರದಲ್ಲಿ ಮರುಕಳಿಸುತ್ತಿದ್ದರೆ ಅದು ಲಯಬದ್ಧ: ಮಗ್ಗದ ಲಾಳಿಯ ಓಡಾಟ, ಹುಟ್ಟು ಹಾಕುವ ತೋಳು, ನಿದ್ದೆಯಲ್ಲಿರುವ ಮಗುವಿನ ಉಸಿರು. ಸುಮ್ಮನೆ ಅಚ್ಚುಕಟ್ಟಾಗಿದೆ ಎನ್ನಲು ಅಚ್ಚುಕಟ್ಟು ಎಂಬ ಪದವೇ ಇದೆ.